ಮೊದಲ ಮೂರು ಅಕ್ಷರ

ಜೂನ್ 2, ಸೋಮವಾರ

ಬೆಳಿಗ್ಗೆಯಿಂದ ಎರಡು ಲ್ಯಾಪ್‌ಟಾಪ್, ಒಂದು ಪ್ರಿಂಟರ್. ಪ್ರಿಂಟರ್ ಒಳಗೆ ಜಿರಳೆಗಳು ಸಂಸಾರ ಹೂಡಿದ್ದವು. ಗಿರಾಕಿಯ ದೂರು, ಪೇಪರ್ ಎಳೆಯುತ್ತಿಲ್ಲ ಅಂತ. ಹೇಗೆ ಎಳೆಯುತ್ತೆ, ಮನೆ ತುಂಬ ನೆಂಟರು.

ಓನರ್ ಮತ್ತೆ ಅದೇ ರೂಲ್ಸ್ ಹೇಳಿದರು. ಅಂಗಡಿಗೆ ಯಾವ ಪಾರ್ಟ್ ಬಂದರೂ, ಅಂಗಡಿಯಿಂದ ಯಾವುದು ಹೋದರೂ ಸೀರಿಯಲ್ ನಂಬರನ್ನು ಒಬ್ಬ ಗಟ್ಟಿಯಾಗಿ ಓದಬೇಕು. ಇನ್ನೊಬ್ಬ ಬುಕ್ಕಿನಲ್ಲಿ ಬೆರಳಿಟ್ಟು ಒಂದೊಂದು ಅಕ್ಷರಕ್ಕೂ ‘ಸರಿ’ ಅನ್ನಬೇಕು. ಒಬ್ಬನ ಕಣ್ಣನ್ನು ನಂಬಬಾರದಂತೆ. ಓದುವವನು ನಾನು, ಸರಿ ಅನ್ನುವವನು ಕನ್ನಡಕ.

ಕನ್ನಡಕ ಅಂದರೆ ನನ್ನ ಪಕ್ಕದ ಟೇಬಲ್‌ನವನು. ಡಿಪ್ಲೊಮಾ ಮಾಡಿದ್ದಾನೆ. ನನಗಿಂತ ಎರಡು ವರ್ಷ ದೊಡ್ಡವನು. ಮುಖಕ್ಕಿಂತ ಕನ್ನಡಕ ದೊಡ್ಡದು, ಅದಕ್ಕೇ ಆ ಹೆಸರು. ಅವನು ನನ್ನನ್ನು ಕಾವಲಿ ಅನ್ನುತ್ತಾನೆ. ಯಾವಾಗಲೂ ಕಾದೇ ಇರುತ್ತೇನಂತೆ. ಇರಲಿ.

ಬಿಡಿ ಅಕ್ಷರ ಓದೋದು ನನಗೆ ಕಷ್ಟ ಇಲ್ಲ. ಎಂಟನೇ ಕ್ಲಾಸ್ ಅಷ್ಟಕ್ಕೆ ಸಾಕು. ಉದ್ದುದ್ದ ಇಂಗ್ಲಿಷ್ ಸಾಲು ಬಂದರೆ ಮಾತ್ರ ಟೀ ಕುಡಿಯೋಕೆ ಎದ್ದು ಹೋಗುತ್ತೇನೆ. ನಾಲ್ಕು ವರ್ಷದಲ್ಲಿ ಎಷ್ಟು ಟೀ ಕುಡಿದಿದ್ದೇನೋ, ಟೀ ಅಂಗಡಿಯವನು ಆ ದುಡ್ಡಲ್ಲಿ ಮಹಡಿ ಕಟ್ಟಿಸಿರಬೇಕು.

ಜೂನ್ 7, ಶನಿವಾರ

ಮೂರು ವಾರದಿಂದ ಮೋಡ. ಮನೆಯಲ್ಲಿ ಹೆಜ್ಜೆ ಇಡೋಕೆ ಜಾಗ ಇಲ್ಲ. ಎಲ್ಲಿ ನೋಡಿದರೂ ಒದ್ದೆ ಬೆಡ್‌ಶೀಟು. ಅಮ್ಮ ಎರಡು ಲಾಡ್ಜು, ಒಂದು ಕ್ಲಿನಿಕ್ಕಿನ ಬಟ್ಟೆ ಒಗೆದು ಕೊಡುತ್ತಾಳೆ. ಒಗೆಯೋದು ಮೆಷಿನ್ನು, ಒಣಗಿಸೋದು ದೇವರು. ದೇವರು ರಜೆ ಹಾಕಿದ್ದಾನೆ. ಕ್ಲಿನಿಕ್ಕಿನವರು ನಿನ್ನೆ ಹತ್ತು ಶೀಟು ವಾಪಸ್ ಕಳಿಸಿದ್ದಾರೆ, ಮುಗ್ಗಲು ವಾಸನೆ ಅಂತ.

ಅಮ್ಮ ಡ್ರೈಯರ್ ತೆಗೆದುಕೊಳ್ಳೋಕೆ ಎರಡು ವರ್ಷದಿಂದ ಕೂಡಿಟ್ಟಿದ್ದಾಳೆ. ಆ ದುಡ್ಡು ಕೇಳಿದೆ.

ಗ್ರಾಫಿಕ್ಸ್ ಕಾರ್ಡ್ ಅಂದರೆ ಗೇಮ್ ಆಡೋಕೆ ಹಾಕುವುದು. ಅದನ್ನೇ ಆರು ಒಟ್ಟಿಗೆ ಜೋಡಿಸಿ ಹಗಲೂ ರಾತ್ರಿ ಓಡಿಸಿದರೆ, ಏನೋ ಲೆಕ್ಕ ಬಿಡಿಸಿ ಕಾಯಿನ್ ದುಡಿಯುತ್ತೆ. ಕೈಗೆ ಸಿಗುವ ಕಾಯಿನ್ ಅಲ್ಲ, ಫೋನಿನಲ್ಲಿ ಇರುವುದು. ಮಾರಿದರೆ ದುಡ್ಡು. ಮೈನಿಂಗ್ ಅನ್ನುತ್ತಾರೆ. ಅಮ್ಮನಿಗೆ ಇಷ್ಟೇ ಹೇಳಿದೆ — ವರ್ಷದೊಳಗೆ ಒಂದಲ್ಲ, ಎರಡು ಡ್ರೈಯರ್.

ಅಕ್ಕ ಶೀಟು ಹಿಂಡುತ್ತಾ ಕೇಳಿದಳು, ಇದು ಯಾರಾದರೂ ಓದಿದವರು ಹೇಳಿದ್ದೋ, ಇಲ್ಲ ನಿನ್ನ ತಲೆಯಲ್ಲೇ ಮೊಳೆತದ್ದೋ ಅಂತ. ಬಕೆಟ್ ಒದ್ದೆ. ಅಮ್ಮ ಬೀರು ತೆಗೆದಳು. ಕೊಡುವಾಗ ಒಂದೇ ಮಾತು.

"ನಿನ್ನ ಕೈ ಚೆನ್ನಾಗಿದೆ. ಬಾಯಿ, ಕಾಲು ಸುಮ್ನಿದ್ರೆ ನೀನು ಗೆಲ್ತೀಯ."

ಜೂನ್ 12, ಗುರುವಾರ

ಹಳೇ ಸಾಮಾನಿನ ಬೀದಿ. ನಾಲ್ಕು ಗಂಟೆ ನಿಂತೆ. ಹದಿನೇಳು ಕಾರ್ಡ್ ನೋಡಿದೆ, ಆರು ಆರಿಸಿದೆ.

ಮಾರುವವರೆಲ್ಲ ಒಂದೇ ಹಾಡು. ಮಗ ಸ್ವಲ್ಪ ಗೇಮ್ ಆಡ್ತಿದ್ದ ಅಷ್ಟೇ... ಸುಳ್ಳು. ಮೂಗಿನ ಹತ್ತಿರ ಹಿಡಿದರೆ ಗೊತ್ತಾಗುತ್ತೆ. ಸುಟ್ಟ ವಾಸನೆ ಬಂದರೆ ಬೇಡ. ಫ್ಯಾನನ್ನು ಬೆರಳಲ್ಲಿ ತಿರುಗಿಸಿ ಬಿಡಬೇಕು, ಅಳ್ಳಾಡಿದರೆ ಬೇಡ. ಹಿಂದಿನ ಸ್ಕ್ರೂ ಮೇಲೆ ಗೀರು ಇದ್ದರೆ ಯಾರೋ ಬಿಚ್ಚಿದ್ದಾರೆ. ಅಂಚಲ್ಲಿ ಎಣ್ಣೆ ಜಿನುಗಿದ್ದರೆ ಒಳಗೆ ಬೆಂದಿದೆ. ನಾಲ್ಕು ಜಿಬಿ ಮೆಮೊರಿಯದು ಅರ್ಧ ಬೆಲೆಗೆ ಸಿಗುತ್ತಿತ್ತು, ಮುಟ್ಟಲಿಲ್ಲ. ಈ ಕಾಯಿನ್ನಿನ ಲೆಕ್ಕದ ಫೈಲು ದಿನಾ ಬೆಳೆಯುತ್ತಂತೆ, ಅದರಲ್ಲಿ ಹಿಡಿಸೋದಿಲ್ಲ. ಆರೂ ಎಂಟು ಜಿಬಿಯವು.

ಪವರ್ ಸಪ್ಲೈ ಮಾತ್ರ ಹೊಸದು. ಎರಡು. ಇದರಲ್ಲಿ ಜಿಪುಣತನ ಮಾಡಿದರೆ ಮನೆಗೆ ಬೆಂಕಿ. ಕಾರ್ಡ್ ಮತ್ತು ಬೋರ್ಡ್ ನಡುವೆ ಹಾಕುವ ರೈಸರ್‌ಗೆ ಮಾರುವವನು ತೆಳು ವೈರಿನದು ಕೊಡೋಕೆ ಬಂದ. ಎರಡು ವಾರದಲ್ಲಿ ಕರಗುತ್ತೆ, ನಿಮ್ಮ ಮನೆಗೆ ಹಾಕ್ಕೊಳ್ಳಿ ಅಂದೆ. ಆಮೇಲೆ ಸರಿಯಾದ ಡಬ್ಬ ತೆಗೆದ.

ಕನ್ನಡಕ ಜೊತೆಗೆ ಬಂದಿದ್ದ. ವಾಪಸ್ ಬರುವಾಗ, ಕಾಲೇಜಲ್ಲಿ ಮೂರು ವರ್ಷ ಓದಿದರೂ ಇದೆಲ್ಲ ಹೇಳಿಕೊಡಲಿಲ್ಲ ಅಂದ. ಖುಷಿ ಆಯಿತು. ತೋರಿಸಿಕೊಳ್ಳಲಿಲ್ಲ.

ಜೂನ್ 15, ಭಾನುವಾರ

ಫ್ರೇಮ್ ರೆಡಿ. ಅಮ್ಮನ ಹಳೇ ಚಪ್ಪಲಿ ಸ್ಟ್ಯಾಂಡ್. ಮೇಲಿನ ತಟ್ಟೆ ಕೊಯ್ದು ಕಾರ್ಡ್‌ಗಳನ್ನು ಸಾಲಾಗಿ ನಿಲ್ಲಿಸಿದೆ, ನಡುವೆ ನಾಲ್ಕು ಬೆರಳು ಗಾಳಿ. ಹಿಂದಿನ ರೂಮಿನಲ್ಲಿ ಇಟ್ಟಿದ್ದೇನೆ.

ಸಂಜೆ ಕನ್ನಡಕ ಬಂದ, ಸಾಫ್ಟ್‌ವೇರ್ ಮಾತಾಡೋಕೆ. ವಿಂಡೋಸ್ ಬೇಡ, ಅಪ್‌ಡೇಟ್ ಅಂತ ಮಧ್ಯೆ ಮಲಗಿಬಿಡುತ್ತೆ ಅಂದ. ಪೆನ್‌ಡ್ರೈವ್‌ನಿಂದಲೇ ಏಳುವ ಒಂದು ಸಿಸ್ಟಮ್ ತಂದಿದ್ದ. ಮೈನಿಂಗ್ ಪ್ರೋಗ್ರಾಂ ಮೂರು ತೋರಿಸಿದ. ಒಂದು ಜಾಸ್ತಿ ಓಡುತ್ತೆ, ಆದರೆ ನಮ್ಮ ದುಡಿಮೆಯಲ್ಲಿ ಪಾಲು ಜಾಸ್ತಿ ಹಿಡಿಯುತ್ತೆ. ಇನ್ನೊಂದು ನಮ್ಮ ಕಾರ್ಡ್‌ಗೆ ಆಗಿಬರೋಲ್ಲ. ಮೂರನೆಯದು ಆರಿಸಿದೆವು. ಅದರ ಜೊತೆ ಒಂದು ಮಾದರಿ ಫೈಲು ಇರುತ್ತೆ, ಅದನ್ನೇ ತಿದ್ದಿಕೊಂಡರೆ ಆಯಿತಂತೆ.

ಆಮೇಲೆ ವಾಲೆಟ್. ಫೋನಿನಲ್ಲಿ ಕಾಯಿನ್ ಬಂದು ಬೀಳುವ ಪರ್ಸು. ಅದಕ್ಕೊಂದು ಅಡ್ರೆಸ್, ನಲವತ್ತೆರಡು ಅಕ್ಷರ. ಒಂದು ಹಾಳೆಯಲ್ಲಿ ಬರೆದುಕೊಟ್ಟ. ಬೀಗದ ಕೈ ಅಂದರೆ ಹನ್ನೆರಡು ಇಂಗ್ಲಿಷ್ ಪದ. ಅವನ್ನು ಗೊತ್ತಿದ್ದವನು ಪರ್ಸನ್ನೇ ಬರಿದು ಮಾಡಬಹುದು. ಅದಕ್ಕೇ ಕನ್ನಡಕ ಕುರ್ಚಿ ತಿರುಗಿಸಿ ಗೋಡೆ ಕಡೆ ಮುಖ ಮಾಡಿ ಕೂತ. ನಾನು ನೋಡಲ್ಲ, ನೀನೇ ಬರ್ಕೊ ಅಂದ.

ಬರೆಯೋಕೆ ಹೋದೆ. ಎರಡು ಪದ. ಮೂರನೆಯದರಲ್ಲಿ ಅಕ್ಷರ ಹಿಂದುಮುಂದು ಆಯಿತು. ಕೈ ನೋವು, ನೀನೇ ಬರಿ ಅಂದುಬಿಟ್ಟೆ.

ಬರೆದ. ನೋಡಿದರೆ ಪ್ರತಿ ಪದದ ಕೆಳಗೆ ಕನ್ನಡ ಅಕ್ಷರದಲ್ಲೂ ಬರೆದಿದ್ದಾನೆ. ಕೇಳದೇ. ಏನೂ ಹೇಳದೇ.

ಮೈ ಉರಿಯಿತು. ಅವನಿಗೆ ಗೊತ್ತು.

ಜೂನ್ 22, ಭಾನುವಾರ

ಓಡಿತು! ಆರು ಕಾರ್ಡ್, ಹದಿಮೂರು ಫ್ಯಾನ್. ಸಣ್ಣ ವಿಮಾನ ಏಳುವ ಹಾಗೆ ಸದ್ದು. ಕಪ್ಪು ಸ್ಕ್ರೀನಿನಲ್ಲಿ ಹಸಿರು ಸಾಲು ಒಂದರ ಹಿಂದೊಂದು. ಒಂದು ಹಸಿರು ಸಾಲು ಅಂದರೆ ನಮ್ಮ ಲೆಕ್ಕವನ್ನು ಕಾಯಿನ್ ಹಂಚುವವರು ಒಪ್ಪಿಕೊಂಡರು ಅಂತ.

ಪ್ರೋಗ್ರಾಂ ಹಾಕುವಾಗ ಕನ್ನಡಕ ಪಕ್ಕದಲ್ಲೇ ಇದ್ದ. ಫೈಲಿನಲ್ಲಿ ಅಡ್ರೆಸ್ ಒಂದು ನೋಡೋಣ, ನೀನು ಓದು ನಾನು ಸರಿ ಅಂತೀನಿ ಅಂದ. ಇದು ಅಂಗಡಿ ಅಲ್ಲ, ನನ್ನ ಮನೆ ಅಂದೆ. ಅವತ್ತಿನ ಕನ್ನಡ ಅಕ್ಷರ ಇನ್ನೂ ಹೊಟ್ಟೆಯಲ್ಲಿತ್ತು. ಸರಿ ಕಾವಲಿ, ನಿನ್ನಿಷ್ಟ ಅಂತ ಹೊರಟುಹೋದ. ಹೋಗುವಾಗ ಅಮ್ಮನಿಗೆ ಎರಡು ಬಕೆಟ್ ನೀರು ಎತ್ತಿಟ್ಟು ಹೋದ.

ನಾನೇ ತೆಗೆದು ನೋಡಿದೆ. ಮೇಲೆ ಒಂದು ಉದ್ದ ಇಂಗ್ಲಿಷ್ ಸಾಲು. ಬಿಟ್ಟೆ. ಕೆಳಗೆ ಅಡ್ರೆಸ್. ಸೊನ್ನೆ, ಎಕ್ಸ್, ಏಳು. ಹಾಳೆಯಲ್ಲೂ ಸೊನ್ನೆ, ಎಕ್ಸ್, ಏಳು. ಕನ್ನಡಕ ಆಗಲೇ ಹಾಕಿಟ್ಟಿದ್ದಾನೆ. ಕೆಲಸ ಮುಗಿಯಿತು.

ಜೂನ್ 30, ಸೋಮವಾರ

ಅಂಗಡಿಯಿಂದ ಬಂದು ನೋಡಿದರೆ ಹಿಂದಿನ ರೂಮಿನ ತುಂಬ ಹಗ್ಗ. ಹಗ್ಗದ ತುಂಬ ಬೆಡ್‌ಶೀಟು. ನಡುವೆ ನನ್ನ ಕಾರ್ಡ್‌ಗಳು, ಮದುವೆ ಚಪ್ಪರದಲ್ಲಿ ಕೂತ ಹಾಗೆ. ತೇವಕ್ಕೆ ಬೋರ್ಡ್ ಹಾಳಾಗುತ್ತೆ ಅಂತ ಕೂಗಾಡಿದೆ. ಅಮ್ಮ ಒಂದು ಶೀಟಿನ ತುದಿ ನನ್ನ ಕೆನ್ನೆಗೆ ಮುಟ್ಟಿಸಿದಳು. ಗರಿಗರಿ. ಎರಡು ಗಂಟೆಯಲ್ಲಿ ಒಣಗಿತಂತೆ.

"ಡ್ರೈಯರ್ ತರ್ತೀನಿ ಅಂದೆ. ತಂದಿದೀಯಲ್ಲ," ಅಂದಳು.

ಅಕ್ಕ ನಕ್ಕು ನಕ್ಕು ಕೂತುಬಿಟ್ಟಳು. ನನಗೂ ನಗು ಬಂತು, ಹಲ್ಲು ಕಚ್ಚಿ ತಡೆದೆ. ಕೊನೆಗೆ ಒಪ್ಪಂದ — ಚೆನ್ನಾಗಿ ಹಿಂಡಿದ ಬಟ್ಟೆ ಮಾತ್ರ, ಕಿಟಕಿ ತೆಗೆದಿರಬೇಕು, ಕಾರ್ಡ್‌ನಿಂದ ಎರಡು ಮಾರು ದೂರ.

ಜುಲೈ 11, ಶುಕ್ರವಾರ

ಫ್ಯಾನ್ ತುಂಬ ಬಟ್ಟೆಯ ಜುಂಗು. ವಾರಕ್ಕೊಮ್ಮೆ ಬ್ರಶ್ ಹಿಡಿದು ತೆಗೆಯಬೇಕು. ವೋಲ್ಟೇಜ್ ಇಳಿಸಿದೆ, ಕರೆಂಟು ಕಡಿಮೆ ತಿನ್ನುತ್ತೆ, ಓಟ ಅಷ್ಟೇ ಇದೆ. ಇದನ್ನು ಯಾವ ಡಿಪ್ಲೊಮಾನೂ ಹೇಳಿಕೊಡಲಿಲ್ಲ. ಒಂದೊಂದು ಕಾರ್ಡಿನ ಸದ್ದು ಕೇಳಿ ಕೇಳಿ ಕಂಡುಕೊಂಡೆ.

ಕ್ಲಿನಿಕ್ಕಿನವರು ಈಗ ವಾಪಸ್ ಕಳಿಸುತ್ತಿಲ್ಲ. ಕಾಯಿನ್ ಇನ್ನೂ ಬಂದಿಲ್ಲ. ಒಂದು ಮಟ್ಟ ಮುಟ್ಟಿದ ಮೇಲೇ ಕಳಿಸುತ್ತಾರಂತೆ. ತಿಂಗಳು ಹಿಡಿಯುತ್ತೆ ಅಂತ ಕನ್ನಡಕ ಹೇಳಿದ್ದ.

ಹಸಿರು ಸಾಲು ಬರುತ್ತಲೇ ಇದೆ. ಊಟ ಮಾಡುತ್ತಾ ನೋಡುತ್ತೇನೆ. ಸ್ಕ್ರೀನಿನ ಮೇಲ್ಗಡೆ ಅಡ್ರೆಸ್ ತೋರಿಸುತ್ತೆ. ಬಾಲದ ನಾಲ್ಕು ಅಕ್ಷರ ಡಿ ಡಿ ಒಂದು ಒಂಬತ್ತು. ಸ್ವಂತ ಗಾಡಿ ನಂಬರಿನ ಹಾಗೆ ಬಾಯಿಪಾಠ ಆಗಿದೆ.

ಜುಲೈ 27, ಭಾನುವಾರ

ಐದು ವಾರ. ವಾಲೆಟ್ ಸೊನ್ನೆ.

ಕರೆಂಟ್ ಬಿಲ್ ಬಂತು. ಅಮ್ಮ ಓದಿ, ಮಡಚಿ, ಹಿಟ್ಟಿನ ಡಬ್ಬದ ಕೆಳಗೆ ಇಟ್ಟಳು.

ಆಗಸ್ಟ್ 12, ಮಂಗಳವಾರ

ಏಳು ವಾರ ಆಯಿತು. ಸೊನ್ನೆ. ಹಸಿರು ಸಾಲು ಸಾವಿರಗಟ್ಟಲೆ, ವಾಲೆಟ್ ಸೊನ್ನೆ. ಹೋಗಿದ್ದು ಎಲ್ಲಿಗೆ? ಬೀಗದ ಕೈ ಇರೋದು ಇಬ್ಬರ ಹತ್ತಿರ. ನಾನು ತೆಗೆದಿಲ್ಲ.

ಅಂಗಡಿಯಲ್ಲೇ ಕೇಳಿದೆ. ಬೆಳಿಗ್ಗೆ ಹನ್ನೊಂದಕ್ಕೆ, ಐದಾರು ಗಿರಾಕಿ ಇದ್ದರು. ಹನ್ನೆರಡು ಪದ ಬರೆದವನು ನೀನು, ಅಮ್ಮನ ಡ್ರೈಯರ್ ನುಂಗಿದವನೂ ನೀನೇ ಅಂದೆ. ಅವನು ಮೊದಲು ತಮಾಷೆ ಅಂದುಕೊಂಡ. ಸ್ಕ್ರೂಡ್ರೈವರ್ ಕೆಳಗಿಟ್ಟ. ಓನರ್ ಒಳಗಿನಿಂದ ಬಂದರು. ಎಲ್ಲರೂ ಅವನ ಮುಖ ನೋಡುತ್ತಿದ್ದರು.

ಅವನು ದನಿ ಎತ್ತಲಿಲ್ಲ.

"ಫೈಲಲ್ಲಿರೋ ಅಡ್ರೆಸ್ ಪೂರ್ತಿ ಓದಿದೀಯಾ ನೀನು?"

ಓದಿದೀಯಾ. ಎಲ್ಲರ ಮುಂದೆ. ಹೊಡೆದುಬಿಟ್ಟೆ.

ಅವನ ಕನ್ನಡಕ ಹಾರಿ ಪ್ರಿಂಟರ್ ಮೇಲೆ ಬಿತ್ತು. ಒಂದು ಕಡ್ಡಿ ಮುರಿಯಿತು. ಅದಿಲ್ಲದೆ ಅವನ ಮುಖ ಬೇರೆ ಯಾರದೋ ಥರ. ಬಗ್ಗಿ, ತಡವಿ ತಡವಿ ಎತ್ತಿಕೊಂಡ. ಓನರ್ ಬೀಗದ ಕೈ ಗೊಂಚಲು ಕೇಳಿದರು, ಅಂಗಡಿಯದು. ಕೊಟ್ಟ. ಅಂಗಡಿಯಲ್ಲಿ ಗಿರಾಕಿಗಳ ಸಾಮಾನು ಇರುತ್ತೆ, ಅನುಮಾನದವನನ್ನು ಇಟ್ಟುಕೊಳ್ಳೋಕೆ ಆಗಲ್ಲ ಅಂದರು. ಸ್ಕ್ರೂಡ್ರೈವರ್ ಸುತ್ತಿಡುವ ಟೂಲ್ ರೋಲ್ ಟೇಬಲ್ ಮೇಲೇ ಬಿಟ್ಟು ಹೋದ. ಅವನ ಸ್ವಂತದ್ದು.

ಸರಿಯಾಗಿ ಮಾಡಿದೆ.

ಆಗಸ್ಟ್ 13, ಬುಧವಾರ

ಅಮ್ಮನಿಗೆ ಹೇಳಿದೆ. ನೀರು ಎತ್ತಿಟ್ಟು ಹೋಗ್ತಿದ್ದನಲ್ಲ ಅಂದಳು. ಅಷ್ಟೇ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿತ್ತು.

ಮೆಷಿನ್ ನಿಲ್ಲಿಸೋಣ ಅಂದೆ. ಬೇಡ, ಬಟ್ಟೆ ಒಣಗಬೇಕು ಅಂದಳು.

ಆಗಸ್ಟ್ 28, ಗುರುವಾರ

 

ಫೋಟೋ ಸ್ಟುಡಿಯೋದವರೊಬ್ಬರು ಬಂದಿದ್ದರು. ಅವರಿಗೆ ಹನ್ನೆರಡು ಕಾರ್ಡಿನ ಮೈನಿಂಗ್ ಮೆಷಿನ್ ಬೇಕು. ದೊಡ್ಡ ಆರ್ಡರ್. ಓನರ್ ನನ್ನ ಹೆಗಲ ಮೇಲೆ ಕೈ ಹಾಕಿ, ನಮ್ಮ ಹುಡುಗ ಇದರಲ್ಲಿ ಎಕ್ಸ್‌ಪರ್ಟು, ಇವನಿಗೆ ಮೋಸ ಮಾಡೋಕೆ ಹೋಗಿ ಒಬ್ಬ ಸಿಕ್ಕಿಬಿದ್ದ ಅಂತ ಕಥೆ ಹೇಳಿದರು. ನಗು ಬೇರೆ. ಕಾರ್ಡಿನ ಲಿಸ್ಟ್ ಹತ್ತು ನಿಮಿಷದಲ್ಲಿ ಹೇಳಿದೆ. ಸಾಫ್ಟ್‌ವೇರ್ ಯಾವುದು ಅಂದರು. ಈಗ ಕೇಳೋಕೆ ಪಕ್ಕದ ಟೇಬಲ್‌ನಲ್ಲಿ ಯಾರೂ ಇಲ್ಲ. ಮನೆಯಲ್ಲಿ ಇರುವುದನ್ನೇ ಹಾಕೋಣ ಅಂತ ಅಂಗಡಿಯ ಕಂಪ್ಯೂಟರಿಗೆ ಇಂಟರ್ನೆಟ್‌ನಿಂದ ಹೊಸದಾಗಿ ಇಳಿಸಿದೆ. ಮಾದರಿ ಫೈಲು ತೆಗೆದೆ.

ಸೊನ್ನೆ, ಎಕ್ಸ್, ಏಳು... ಕೊನೆಯಲ್ಲಿ ಡಿ ಡಿ ಒಂದು ಒಂಬತ್ತು.

ನನ್ನ ಅಡ್ರೆಸ್. ಈಗ ತಾನೇ ಇಳಿಸಿದ, ಯಾರೂ ಮುಟ್ಟದ ಫೈಲಿನಲ್ಲಿ.

 ಮನೆಗೆ ಓಡಿದೆ. ಹಾಳೆ ನನ್ನ ಸ್ಕ್ರೂ ಡಬ್ಬದಲ್ಲಿತ್ತು. ಕನ್ನಡಕ ಬರೆದುಕೊಟ್ಟ ಅಡ್ರೆಸ್ ಮುಗಿಯೋದು ಸಿ ಎಂಟು ಎಂಟು ಎಫ್. ಮೊದಲ ಮೂರು ಅಕ್ಷರ ಬಿಟ್ಟರೆ ಒಂದೂ ಅದೇ ಅಲ್ಲ. ಸೊನ್ನೆ, ಎಕ್ಸ್ ಎಲ್ಲ ಅಡ್ರೆಸ್ಸಿಗೂ ಇರುತ್ತಂತೆ, ಏಳು ಮಾತ್ರ ನನ್ನ ಗ್ರಹಚಾರ.

ಮೇಲಿನ ಉದ್ದ ಇಂಗ್ಲಿಷ್ ಸಾಲನ್ನು ಫೋನಿಗೆ ತೋರಿಸಿ ಕನ್ನಡ ಮಾಡಿಸಿದೆ. ಇದು ಮಾದರಿಗಾಗಿ ಮಾತ್ರ. ಇದನ್ನು ಅಳಿಸಿ ನಿಮ್ಮ ಸ್ವಂತ ವಿಳಾಸ ಹಾಕಿ.

ಇಷ್ಟೇ. ಒಂದೇ ಸಾಲು. ಎರಡು ತಿಂಗಳು ದುಡಿದದ್ದೆಲ್ಲ ಆ ಪ್ರೋಗ್ರಾಂ ಬರೆದವರ ಪರ್ಸಿಗೆ. ಅವರಿಗೆ ಗೊತ್ತೂ ಇರಲಿಕ್ಕಿಲ್ಲ. ಅವರು ಕದಿಯಲಿಲ್ಲ. ಯಾರೂ ಕದಿಯಲಿಲ್ಲ. ಕೈಯಾರೆ ಕೊಟ್ಟವನು ನಾನು.

ಫೈಲಲ್ಲಿರೋ ಅಡ್ರೆಸ್ ಪೂರ್ತಿ ಓದಿದೀಯಾ. ಅವನು ಅಣಕಿಸಲಿಲ್ಲ. ದಾರಿ ತೋರಿಸುತ್ತಿದ್ದ.

ಆಗಸ್ಟ್ 29, ಶುಕ್ರವಾರ

ಅಡ್ರೆಸ್ ತಿದ್ದಿದೆ. ಒಂದೊಂದೇ ಅಕ್ಷರ, ಮೂರು ಸಲ. ಒಬ್ಬನೇ ಓದಿ ಒಬ್ಬನೇ ಸರಿ ಅಂದೆ.

ಯಾರಿಗೂ ಹೇಳಿಲ್ಲ. ನಾಳೆ ಹೇಳುತ್ತೇನೆ.

ಸೆಪ್ಟೆಂಬರ್ 23, ಮಂಗಳವಾರ

ಎಷ್ಟು ನಾಳೆ ಆಯಿತು.

ಇವತ್ತು ಫೋನ್ ಟಿಣ್ ಅಂತು. ಕಾಯಿನ್ ಬಂದಿದೆ. ಮೊದಲನೇ ಸಲ. ಅಕ್ಕ ಫೋನ್ ಕಿತ್ತುಕೊಂಡು ಅಮ್ಮನಿಗೆ ತೋರಿಸಿದಳು. ಅಮ್ಮ ಕೈ ಒರೆಸಿಕೊಂಡು ನೋಡಿದಳು.

"ಅವನು ಹೋದ ಮೇಲೆ ಬಂತು ನೋಡು," ಅಂದಳು. "ನನಗೆ ಇನ್ನೂ ಮನಸ್ಸಲ್ಲಿ ಒಂದು ಚೂರು ಇತ್ತು, ಅವನು ಕದ್ದಿರಲಿಕ್ಕಿಲ್ಲ ಅಂತ. ಈಗ ಹೋಯ್ತು."

ನಾನು ಅಲ್ಲೇ ಇದ್ದೆ. ಬಾಯಿ ಇತ್ತು. ನಾಲಿಗೆ ಇತ್ತು. ಸುಮ್ಮನೆ ನಿಂತಿದ್ದೆ.

ಆಗಸ್ಟ್ 12ರ ದಿನ ನನಗೆ ಗೊತ್ತಿರಲಿಲ್ಲ. ಇವತ್ತು ಗೊತ್ತಿತ್ತು. ಅವತ್ತು ಒಂದು ಸಲ ಹೊಡೆದೆ. ತಿಂಗಳಿಂದ ದಿನಾ ಹೊಡೆಯುತ್ತಿದ್ದೇನೆ.

ಸೆಪ್ಟೆಂಬರ್ 27, ಶನಿವಾರ

ಅಕ್ಕ ಏನೋ ಅರ್ಜಿ ಜೆರಾಕ್ಸ್ ಮಾಡಿಸೋಕೆ ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿಗೆ ಹೋಗಿದ್ದಳು. ಕನ್ನಡಕ ಅಲ್ಲಿದ್ದಾನಂತೆ. ಅವನ ಚಿಕ್ಕಪ್ಪನ ಅಂಗಡಿ. ಬೇರೆ ಎರಡು ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದ್ದನಂತೆ, ನಮ್ಮ ಓನರ್‌ಗೆ ಫೋನ್ ಮಾಡಿ ವಿಚಾರಿಸಿ ಬೇಡ ಅಂದರಂತೆ. ಕನ್ನಡಕದ ಕಡ್ಡಿಗೆ ಟೇಪ್ ಸುತ್ತಿಕೊಂಡಿದ್ದಾನೆ. ಹಾಳೆ ಜೋಡಿಸಿ ಪಿನ್ ಹೊಡೆಯೋದು ಅವನ ಕೆಲಸ. ದುಡ್ಡು ಕೊಟ್ಟರೆ ಮುಟ್ಟಲಿಲ್ಲವಂತೆ. ಅಲ್ಲಿ ಕೊಡಿ ಅಂತ ಚಿಕ್ಕಪ್ಪನ ಕಡೆ ತೋರಿಸಿದ. ಸ್ವಂತ ಚಿಕ್ಕಪ್ಪ, ಗಲ್ಲಾಪೆಟ್ಟಿಗೆ ಹತ್ತಿರ ಸೇರಿಸೋಲ್ಲ.

ಮಾಡಿದ್ದು ಉಣ್ಣಲಿ ಅಂದಳು ಅಕ್ಕ. ಅಮ್ಮನ ಬಗ್ಗೆಯೂ ಕೇಳಿದನಂತೆ. ಈಗ ಬಟ್ಟೆ ಒಣಗ್ತಿದೆಯಾ ಅಂತ.

ಊಟ ಸೇರಲಿಲ್ಲ. ಅವನ ಟೂಲ್ ರೋಲ್ ನನ್ನ ಟೇಬಲ್ ಮೇಲೇ ಇದೆ. ದಿನಾ ಅದರ ಸ್ಕ್ರೂಡ್ರೈವರ್ ನಾನೇ ಬಳಸುತ್ತೇನೆ. ಥೂ.

ಅಕ್ಟೋಬರ್ 1, ಬುಧವಾರ

ಓನರ್‌ಗೆ ಹೇಳಿದೆ. ಶಟರ್ ಎತ್ತಿದ ತಕ್ಷಣ, ಯಾರೂ ಬರುವ ಮುಂಚೆ. ಎಲ್ಲರ ಮುಂದೆ ಹೊಡೆದವನು ಹೇಳುವಾಗ ಯಾರೂ ಇಲ್ಲದ ಹೊತ್ತು ನೋಡಿಕೊಂಡೆ. ಇದನ್ನೂ ಬರೆದಿಡುತ್ತೇನೆ.

ಅವರು ಪೂರ್ತಿ ಕೇಳಿದರು. ಕುರ್ಚಿ ಒರೆಸಿ ಕೂತರು. ಆದದ್ದು ಆಯಿತು ಅಂದರು. ಅವನೂ ಎಲ್ಲೋ ಸೇರಿಕೊಂಡಿದ್ದಾನಂತಲ್ಲ. ಈಗ ಊರಿಗೆಲ್ಲ ಸಾರಿದರೆ, ಅಡ್ರೆಸ್ ಓದೋಕೆ ಬರದವನ ಕೈಯಲ್ಲಿ ಸ್ಟುಡಿಯೋದವರು ಹನ್ನೆರಡು ಕಾರ್ಡ್ ಕೊಡುತ್ತಾರಾ?

"ಅಂಗಡಿ ಮರ್ಯಾದೆ ಪ್ರಶ್ನೆ ಕಣೋ. ಬಾಯ್ಮುಚ್ಕೊಂಡು ಕೆಲಸ ಮಾಡು."

ನೀವೇ ತಾನೆ ಒಬ್ಬನ ಕಣ್ಣು ನಂಬಬೇಡಿ ಅಂದದ್ದು, ಅವತ್ತು ನನ್ನ ಒಬ್ಬನ ಮಾತು ಹೇಗೆ ನಂಬಿದಿರಿ ಅಂತ ಕೇಳಿದೆ. ಎದ್ದು ಒಳಗೆ ಹೋದರು.

ನಾಚಿಕೆಗೇಡು ಏನೆಂದರೆ, ಒಳಗೊಳಗೇ ಹಗುರ ಆಯಿತು. ಹೇಳಿದ್ದಾಯಿತಲ್ಲ, ಅವರೇ ಬೇಡ ಅಂದರಲ್ಲ ಅಂತ. ಸಂಜೆವರೆಗೂ ಹಗುರವಾಗಿಯೇ ಇದ್ದೆ. ಮನೆಗೆ ಬಂದು ಹಾಳೆಯಲ್ಲಿ ಆ ಹನ್ನೆರಡು ಕನ್ನಡ ಪದ ನೋಡುವವರೆಗೆ.

ಅಕ್ಟೋಬರ್ 3, ಶುಕ್ರವಾರ

ಅಮ್ಮ ಬಟ್ಟೆ ಮಡಚುತ್ತಿದ್ದಳು, ಹಿಂದಿನ ರೂಮಿನಲ್ಲಿ. ಫ್ಯಾನಿನ ಸದ್ದಿಗೆ ಗಟ್ಟಿಯಾಗಿ ಹೇಳಬೇಕಾಯಿತು. ಮೊದಲ ಸಲ ಕೇಳಿಸಲಿಲ್ಲ. ಎರಡನೇ ಸಲ ಕೂಗಿ ಹೇಳಿದೆ, ಅವನು ಕದ್ದಿಲ್ಲ, ನನಗೆ ಓದೋಕೆ ಬರಲಿಲ್ಲ ಅಂತ.

ಬೈಯಲಿ ಅಂದುಕೊಂಡಿದ್ದೆ. ಹೊಡೆಯಲಿ. ಅವಳು ಶೀಟಿನ ಒಂದು ತುದಿ ನನ್ನ ಕೈಗೆ ಕೊಟ್ಟಳು. ಇಬ್ಬರೂ ಎಳೆದು, ಜೋಡಿಸಿ, ಹತ್ತಿರ ಬಂದು ಮಡಚಬೇಕು. ಹತ್ತಿರ ಬಂದಾಗ ಯಾವತ್ತು ಗೊತ್ತಾಯಿತು ಅಂತ ಕೇಳಿದಳು. ಆಗಸ್ಟ್ 28 ಅಂದೆ. ಮತ್ತೆ ಒಂದು ಶೀಟು. ಮತ್ತೆ ಹತ್ತಿರ. ಕಾಯಿನ್ ಬಂದ ದಿನ ನಾನು ಆ ಮಾತು ಆಡಿದಾಗ ನಿನಗೆ ಗೊತ್ತಿತ್ತಾ? ಗೊತ್ತಿತ್ತು ಅಂದೆ.

ಆಮೇಲೆ ಹನ್ನೊಂದು ಶೀಟು ಮಡಚಿದೆವು. ಕೊನೆಯದು ಮಡಚಿ ಮೇಲಿಟ್ಟು ಹೇಳಿದಳು.

"ಅವನು ಕಳ್ಳ ಅಂತ ಮೂರು ಮನೇಲಿ ನಾನು ಹೇಳಿದೀನಿ. ನನ್ನ ಬಾಯಲ್ಲಿ ಸುಳ್ಳು ಹೇಳಿಸ್ದೆ. ಆ ಮೂರು ಮನೆಗೆ ನೀನೇ ಹೋಗಿ ಹೇಳು. ಆಮೇಲೆ ಅವನ ಹತ್ರ ಹೋಗು. ಅಲ್ಲೀವರೆಗೂ ನನ್ನ ಹತ್ರ ಮಾತು ಬೇಡ."

ಅಕ್ಟೋಬರ್ 4, ಶನಿವಾರ

ಮೊದಲನೇ ಮನೆ, ದರ್ಜಿಯವರು. ಮಷಿನ್ ತುಳಿಯುತ್ತಲೇ ಕೇಳಿ, ಹೌದಾ ಅಂದರು. ಎರಡನೇ ಮನೆ ಅಜ್ಜಿಗೆ ಕಿವಿ ಮಂದ. ನಾನೇ ಕಳ್ಳ ಅಂತ ಒಪ್ಪಿಕೊಳ್ಳೋಕೆ ಬಂದಿದ್ದೇನೆ ಅಂದುಕೊಂಡಿತು. ಪಾಪ, ಒಳ್ಳೇ ಹುಡುಗ, ಇನ್ನು ಮುಂದೆ ಕದಿಯಬೇಡ ಅಂತ ತಲೆ ಸವರಿತು. ತಿದ್ದೋಕೆ ಹೋಗಲಿಲ್ಲ. ಅದೇ ಹತ್ತಿರ ಹತ್ತಿರ ನಿಜ ಅನಿಸಿತು. ಆಮೇಲೆ ಅವರ ಸೊಸೆಗೆ ಬಿಡಿಸಿ ಹೇಳಿ ಬಂದೆ.

ಮೂರನೇ ಮನೆ ಬಸ್ ಡ್ರೈವರ್‌ದು. ಊಟಕ್ಕೆ ಕೂತಿದ್ದರು. ಎಲ್ಲ ಕೇಳಿ, ಹಾಗಾದರೆ ಆ ಹುಡುಗ ಇಷ್ಟು ದಿನ ಏನು ಮಾಡಿದ ಅಂತ ಕೇಳಿದರು. ಪಿನ್ ಹೊಡೆಯುತ್ತಿದ್ದಾನೆ ಅಂದೆ.

ಅಕ್ಟೋಬರ್ 6, ಸೋಮವಾರ

ಬೆಳಿಗ್ಗೆ ಹನ್ನೊಂದಕ್ಕೇ ಹೋದೆ. ಬೇಕೆಂದೇ. ಜೆರಾಕ್ಸ್ ಅಂಗಡಿಯಲ್ಲಿ ಆ ಹೊತ್ತಿಗೆ ಕಾಲಿಡೋಕೆ ಜಾಗ ಇರೋಲ್ಲ. ಟೂಲ್ ರೋಲ್, ಹಾಳೆ, ಮಾದರಿ ಫೈಲಿನ ಪ್ರಿಂಟು ತೆಗೆದುಕೊಂಡು ಹೋಗಿದ್ದೆ. ಓನರ್‌ಗೆ ಹೇಳಿಯೇ ಹೋದೆ. ಹೋದರೆ ವಾಪಸ್ ಬರಬೇಡ ಅಂದರು. ಸರಿ ಅಂದೆ.

ಅವನು ನೋಡಿದ. ಕೈ ಪಿನ್ ಮೆಷಿನ್ ಮೇಲೆ ನಿಂತಿತು. ಅವನ ಚಿಕ್ಕಪ್ಪ ಗಲ್ಲಾಪೆಟ್ಟಿಗೆ ಹಿಂದೆ ಎದ್ದು ನಿಂತರು, ಮತ್ತೆ ಹೊಡೆಯೋಕೆ ಬಂದಿದ್ದೇನೆ ಅಂತ. ಟೂಲ್ ರೋಲ್ ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಎರಡು ಹಾಳೆ. ಹೇಳಬೇಕಾದ್ದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಎಲ್ಲ ಮರೆತುಹೋಯಿತು. ಹಿಂದೆ ಸಾಲಲ್ಲಿ ನಿಂತವರು, ಏನಪ್ಪ ಬೇಗ ಮಾಡಿ ಅನ್ನುತ್ತಿದ್ದರು.

ಕೊನೆಗೆ ಬಂದದ್ದು ಇಷ್ಟೇ.

"ನೀನು ಪ್ರಿಂಟ್ ನೋಡು. ನಾನು ನಮ್ಮ ಹಾಳೆ ಓದ್ತೀನಿ. ಗಟ್ಟಿಯಾಗಿ ಓದ್ತೀನಿ. ಎಲ್ರಿಗೂ ಕೇಳ್ಲಿ."

ಅವನು ಟೇಪ್ ಸುತ್ತಿದ ಕಡ್ಡಿಯನ್ನು ಕಿವಿಗೆ ಸರಿಯಾಗಿ ಸಿಕ್ಕಿಸಿಕೊಂಡ. ಪ್ರಿಂಟನ್ನು ತನ್ನ ಕಡೆ ಎಳೆದುಕೊಂಡ. ಮೊದಲ ಅಕ್ಷರದ ಮೇಲೆ ಬೆರಳಿಟ್ಟ.

ಸೊನ್ನೆ ಅಂದೆ.

ಸರಿ ಅಂದ.

ಎಕ್ಸ್.

ಸರಿ.

ಏಳು.

ಸರಿ. ಅವನ ದನಿ ನಮ್ಮ ಅಂಗಡಿಯಲ್ಲಿ ಇದ್ದ ಹಾಗೇ ಇತ್ತು. ಮುಂದೆ ಓದಿದೆ. ನಾಲ್ಕನೆಯದು. ಬಿ ಅಂದೆ.

ಅವನ ಬೆರಳು ನಿಂತಿತು. ಸರಿ ಅನ್ನಲಿಲ್ಲ. ತಲೆ ಎತ್ತಿ ನನ್ನನ್ನೇ ನೋಡಿ, ಇಲ್ಲಿ ಬೇರೆ ಅಕ್ಷರ ಇದೆ ಅಂದ, ಎಲ್ಲರಿಗೂ ಕೇಳುವ ಹಾಗೆ.